ಮೋಶೆಯ ಕಟ್ಟಳೆಯೂ ಕ್ರೈಸ್ತರ ಊಟವೂ

ಕ್ರಿಸ್‌ಮಸ್ ಹಬ್ಬದ ಮರುದಿನ ನಮ್ಮ ಬೀದಿಯ ವಕೀಲರೊಬ್ಬರು ನನ್ನನ್ನು ತಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು ಪಾಟೀಸವಾಲಿಗೆ ತೊಡಗಿದರು. "ಏನು ಮೇಷ್ಟ್ರೇ, ನಿಮ್ಮ ಬೈಬಲ್ಲನ್ನು ನಾನೂ ಒಂದಿಷ್ಟು ತಿರುವಿಹಾಕಿದ್ದೇನೆ. ಹಂದಿಯ ಮಾಂಸ ತಿನ್ನಕೂಡದು, ಅದರ ಹೆಣವನ್ನು ಮುಟ್ಟಲೂ ಕೂಡದು ಎಂದು ಅದರಲ್ಲಿ ಖಂಡಿತವಾಗಿ ಬರೆದಿದೆ. ಮಂಗಳೂರಿನ ಕಡೆ ನಿಮ್ಮವರ ಮದುವೆಗಳಲ್ಲಿ ಅದಿಲ್ಲದೆ ಊಟವೇ ಇಲ್ಲವಂತೆ. ಹಾಗಾದರೆ ಆ ಕಾನೂನು ರದ್ದಾಯಿತೆ? ರದ್ದು ಮಾಡಿದವರು ಯಾರು? ಆ ಹುಕುಮಿನ ನಕಲು ಇದ್ದರೆ ತೋರಿಸಿ, ನೋಡೋಣ!" ಎಂದರು.

ಆ ಹೊತ್ತಿಗೆ ಒಳಗಿನಿಂದ ಕಾಫಿ ಬಂದದ್ದರಿಂದ ನಾನು ಹೇಗೋ ಪಾರಾದೆ. ಆದರೆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಇದು ಬರಿಯ ಹರಟೆಯ ಪ್ರಶ್ನೆಯೆಂದು ನೀವು ತಿಳಿಯಬೇಡಿ. ಎರಡು ಕ್ರೈಸ್ತ ಮನೆತನಗಳ ಒಂದು ಮದುವೆಗೆ ನಾನು ಹೋಗಿದ್ದೆ. ಗಂಡಿನ ಕಡೆಯವರು ಶನಿವಾರವನ್ನು ಸಬ್ಬತ್ತಾಗಿ ಆಚರಿಸುವ, ಮೋಶೆಯ ಆಹಾರನಿಯಮವನ್ನು ಇಂದಿಗೂ ಪಾಲಿಸುವ ಪಂಗಡದವರು. ಹೆಣ್ಣಿನ ಕಡೆಯವರು ತಮ್ಮ ರೂಢಿಯಂತೆ ಹಂದಿಮಾಂಸದ ಅಡಿಗೆ ಮಾಡಿಸಿದ್ದರು. ಗುಡಿಯಲ್ಲಿ ಒಟ್ಟಿಗೆ ಪ್ರಾರ್ಥನೆ ಮಾಡಿದ ಜನ ಊಟದ ಚಪ್ಪರಕ್ಕೆ ಬಂದಾಗ ಇಬ್ಭಾಗವಾದರು. ಹುಡುಗನ ಸೋದರಮಾವ ಎಲೆಯ ಮುಂದಿನಿಂದ ಎದ್ದು ಹೋದರು. ಹುಡುಗಿಯ ತಂದೆ ಕಂಬಕ್ಕೊರಗಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನೇ ನೋಡಿದೆ. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಬೈಬಲ್ಲು.

ಹಾಗಾದರೆ ಆ ಗ್ರಂಥ ಹೇಳುವುದೇನು? ಮೊದಲು ಕಟ್ಟಳೆಯನ್ನು ನೋಡೋಣ. ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿಯೂ ಅದರ ವಿವರ ಇದೆ. ನೆಲದ ಪ್ರಾಣಿಗಳಲ್ಲಿ ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಎರಡೂ ಲಕ್ಷಣಗಳಿದ್ದರೆ ಮಾತ್ರ ಶುದ್ಧ. ದನ, ಕುರಿ, ಆಡು, ಜಿಂಕೆ ಆಗಬಹುದು. ಹಂದಿಗೆ ಗೊರಸು ಸೀಳಿದೆ, ಆದರೆ ಅದು ಮೆಲುಕು ಹಾಕದು. ಒಂಟೆಯನ್ನು ಮೆಲುಕು ಹಾಕುವ, ಆದರೆ ಗೊರಸು ಸೀಳದ ಪ್ರಾಣಿಯೆಂದು ಎಣಿಸಿದ್ದಾರೆ. ಆದುದರಿಂದ ಎರಡೂ ಹೊರಗೆ. ಮೊಲವೂ ಹೊರಗೆ. ನೀರಿನಲ್ಲಿರುವವುಗಳಲ್ಲಿ ರೆಕ್ಕೆಯೂ ಪರೆಯೂ ಇರುವ ಮೀನು ಸರಿ. ಏಡಿ, ಸೀಗಡಿ ಕೂಡದು. ಹುಳುಹುಪ್ಪಟೆಗಳೆಲ್ಲ ನಿಷಿದ್ಧವಾದರೂ ಮಿಡತೆಗಳ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಇದಲ್ಲದೆ ಯಾವ ಪ್ರಾಣಿಯ ರಕ್ತವನ್ನೂ ಸೇವಿಸಕೂಡದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದು. ಈ ಕೊನೆಯ ಮಾತಿನ ಆಧಾರದ ಮೇಲೆಯೇ ಯೆಹೂದ್ಯರು ಮಾಂಸಕ್ಕೂ ಹಾಲಿಗೂ ಬೇರೆ ಬೇರೆ ಪಾತ್ರೆಗಳನ್ನು ಇಟ್ಟುಕೊಂಡಿರುವುದು. ಮಡಿಯ ಪಾತ್ರೆ, ಮೈಲಿಗೆಯ ಪಾತ್ರೆ ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರವಾಗಿ ತೋರಬೇಕಾಗಿಲ್ಲ.

ಇದಕ್ಕೆ ಕಾರಣವೇನು? ಆರೋಗ್ಯಕ್ಕಾಗಿ ಎಂದು ಹೇಳುವವರಿದ್ದಾರೆ. 12ನೆಯ ಶತಮಾನದ ಯೆಹೂದ್ಯ ವಿದ್ವಾಂಸನೂ ವೈದ್ಯನೂ ಆದ ಮೈಮೊನಿಡೀಸ್ ಈ ಪಕ್ಷದವನು. ಸರಿಯಾಗಿ ಬೇಯದ ಹಂದಿಮಾಂಸದಿಂದ ಟ್ರಿಕಿನೆಲ್ಲ ಎಂಬ ಹುಳು ಮನುಷ್ಯರ ಮೈಗೆ ಸೇರುತ್ತದೆಂದು 19ನೆಯ ಶತಮಾನದಲ್ಲಿ ಕಂಡುಬಂದಮೇಲೆ ಈ ವಾದಕ್ಕೆ ಬಲ ಬಂತು. ನನಗೆ ಮಾತ್ರ ಇದು ಪೂರ್ತಿ ಒಪ್ಪಿಗೆಯಾಗದು. ಒಂಟೆಯ ಮಾಂಸ ತಿಂದು ಅರಬರು ಕೆಟ್ಟುಹೋಗಲಿಲ್ಲ, ಮೊಲ ತಿಂದವರೂ ಬದುಕಿದ್ದಾರೆ. ಗ್ರಂಥವೇ ಕೊಡುವ ಕಾರಣ ಬೇರೆ. ಯಾಜಕಕಾಂಡದ 20ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರನ್ನು ಉಳಿದ ಜನಾಂಗಗಳಿಂದ ಬೇರ್ಪಡಿಸಿದ್ದಾನೆಂದೂ, ಅದಕ್ಕಾಗಿಯೇ ಅವರು ಶುದ್ಧ ಪ್ರಾಣಿಗಳನ್ನು ಅಶುದ್ಧ ಪ್ರಾಣಿಗಳಿಂದ ಬೇರ್ಪಡಿಸಬೇಕೆಂದೂ ಬರುತ್ತದೆ. ಜನಕ್ಕೂ ಜನಕ್ಕೂ ನಡುವೆ ಇರುವ ಬೇಲಿ ಊಟದ ಎಲೆಯ ಮೇಲೂ ಕಾಣಬೇಕು ಎಂದು ಇದರ ಅರ್ಥ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಆ ಬೇಲಿಗಾಗಿ ಜನ ಪ್ರಾಣ ಕೊಟ್ಟಿದ್ದಾರೆ. ಕ್ರಿ.ಪೂ. 167ರ ಸುಮಾರಿನಲ್ಲಿ ಸಿರಿಯದ ಗ್ರೀಕ್ ಅರಸ ಅಂತಿಯೋಕಸ್ ಯೆಹೂದ್ಯರ ಧರ್ಮವನ್ನೇ ಅಳಿಸಲು ಹೊರಟಾಗ, ಹಂದಿಮಾಂಸ ತಿನ್ನಿಸುವುದೇ ಅವನ ಪರೀಕ್ಷೆಯಾಯಿತು. ಎಲಿಯಾಜರನೆಂಬ 90 ವರ್ಷದ ಪಂಡಿತನ ಕಥೆಯನ್ನು ಮಕ್ಕಬಿಯರ ಎರಡನೆಯ ಗ್ರಂಥ ಹೇಳುತ್ತದೆ. ಹಳೆಯ ಪರಿಚಯದ ಅಧಿಕಾರಿಗಳು ಕನಿಕರಪಟ್ಟು, ನಿನಗೆ ಸಲ್ಲುವ ಮಾಂಸವನ್ನೇ ಗುಟ್ಟಾಗಿ ತರಿಸಿಕೊಂಡು ತಿನ್ನು, ಹಂದಿಮಾಂಸವೆಂದು ನಟಿಸಿದರೆ ಸಾಕು ಎಂದರಂತೆ. ಮುದುಕನಾದ ನಾನು ಹುಡುಗರ ಕಣ್ಣೆದುರಿಗೆ ಇಂಥ ನಟನೆ ಮಾಡಲಾರೆನೆಂದು ಆತ ಸಾವನ್ನು ಒಪ್ಪಿಕೊಂಡ. ಯೇಸುವಿನ ಶಿಷ್ಯರೆಲ್ಲ ಇಂಥ ಕಥೆಗಳನ್ನು ಕೇಳಿ ಬೆಳೆದ ಯೆಹೂದ್ಯರೇ. ಅವರಿಗೆ ಆಹಾರನಿಯಮ ನಾಲಗೆಯ ಚಪಲದ ಸಂಗತಿಯಾಗಿರಲಿಲ್ಲ. ತಾತಮುತ್ತಾತಂದಿರ ರಕ್ತದ ಋಣವಾಗಿತ್ತು.

ಯೇಸುವೇ ಈ ನಿಯಮವನ್ನು ತೆಗೆದುಹಾಕಿದನಲ್ಲವೆ ಎಂದು ನೀವು ಕೇಳಬಹುದು. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಆತ, ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಮೈಲಿಗೆ ಮಾಡುವುದಿಲ್ಲ, ಹೃದಯದಿಂದ ಹೊರಟುಬರುವುದೇ ಮೈಲಿಗೆ ಮಾಡುತ್ತದೆ ಎಂಬರ್ಥದ ಮಾತನ್ನು ಆಡುತ್ತಾನೆ. ಹೀಗೆ ಹೇಳಿ ಎಲ್ಲ ಆಹಾರವನ್ನೂ ಶುದ್ಧಪಡಿಸಿದನೆಂದು ಮಾರ್ಕನು ತನ್ನ ಟಿಪ್ಪಣಿಯನ್ನೂ ಸೇರಿಸಿದ್ದಾನೆ. ಆದರೆ ಅಲ್ಲಿ ನಡೆದ ಚರ್ಚೆ ಊಟಕ್ಕೆ ಮುಂಚೆ ಕೈ ತೊಳೆಯುವ ಶಾಸ್ತ್ರದ ಬಗ್ಗೆ. ಅದೇ ಪ್ರಸಂಗವನ್ನು ಬರೆದ ಮತ್ತಾಯನು ಆ ಟಿಪ್ಪಣಿಯನ್ನು ಹಾಕಿಲ್ಲ. ಮೋಶೆಯ ಕಟ್ಟಳೆಯಲ್ಲಿ ಒಂದು ಗುಡುಸೂ ಬಿದ್ದುಹೋಗದೆಂದು ಯೇಸು ಹೇಳಿದ್ದನ್ನೂ ಆತನೇ ದಾಖಲು ಮಾಡಿದ್ದಾನೆ. ಗುರುವು ಅಷ್ಟು ಸ್ಪಷ್ಟವಾಗಿ ಹಂದಿಗೆ ಅಪ್ಪಣೆ ಕೊಟ್ಟಿದ್ದರೆ, ಮುಖ್ಯ ಶಿಷ್ಯನಾದ ಪೇತ್ರನು ಯೊಪ್ಪದ ಮಾಳಿಗೆಯ ಮೇಲೆ ಅಷ್ಟೊಂದು ಗಾಬರಿಗೊಳ್ಳಬೇಕಾಗಿರಲಿಲ್ಲ.

ಆ ಮಾಳಿಗೆಯ ಕಥೆ ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿದೆ. ಯೊಪ್ಪ ಎಂಬ ಕಡಲತೀರದ ಊರಿನಲ್ಲಿ ಪೇತ್ರನು ಸಿಮೋನನೆಂಬ ಚರ್ಮ ಹದಮಾಡುವವನ ಮನೆಯಲ್ಲಿ ಇಳಿದುಕೊಂಡಿದ್ದ. (ಸತ್ತ ಪ್ರಾಣಿಯ ತೊಗಲನ್ನು ಮುಟ್ಟುವ ಕಸುಬು ಅಲ್ಲಿಯೂ ಕೀಳೆನಿಸಿಕೊಂಡಿತ್ತು; ಕಥೆಗಾರ ಇದನ್ನು ಸುಮ್ಮನೆ ಹೇಳಿರಲಾರ.) ನಡುಹಗಲು, ಪ್ರಾರ್ಥನೆಯ ಹೊತ್ತು, ಹೊಟ್ಟೆ ಹಸಿದಿದೆ, ಕೆಳಗೆ ಅಡಿಗೆ ನಡೆಯುತ್ತಿದೆ. ಆಗ ದರ್ಶನವಾಯಿತು: ನಾಲ್ಕು ಮೂಲೆ ಹಿಡಿದು ಇಳಿಬಿಟ್ಟ ದೊಡ್ಡ ದುಪ್ಪಟಿ, ಅದರೊಳಗೆ ಸಕಲ ವಿಧವಾದ ಪ್ರಾಣಿ, ಹಾವು, ಪಕ್ಷಿ. ಕೊಯ್ದು ತಿನ್ನು ಎಂದು ಧ್ವನಿ. ಹುಟ್ಟಿದಂದಿನಿಂದ ಮೈಲಿಗೆಯಾದದ್ದನ್ನು ತಿಂದವನಲ್ಲ ಎಂದು ಪೇತ್ರ. ದೇವರು ಶುದ್ಧಿಮಾಡಿದ್ದನ್ನು ನೀನು ಮೈಲಿಗೆ ಎನ್ನಬೇಡ ಎಂದು ಮತ್ತೆ ಧ್ವನಿ. ಮೂರು ಬಾರಿ ಹೀಗಾಯಿತು. ಪೇತ್ರ ತಿನ್ನಲಿಲ್ಲ. ಹೌದು, ಕಥೆಯಲ್ಲಿ ಆತ ತಿಂದನೆಂದು ಎಲ್ಲಿಯೂ ಇಲ್ಲ! ದುಪ್ಪಟಿ ಮೇಲಕ್ಕೆ ಹೋಯಿತು. ಬಾಗಿಲಲ್ಲಿ ಮೂವರು ಬಂದು ನಿಂತಿದ್ದರು. ಕೈಸರೈಯದಲ್ಲಿದ್ದ ಕೊರ್ನೇಲ್ಯನೆಂಬ ರೋಮನ್ ಶತಾಧಿಪತಿ ಕಳಿಸಿದ್ದ ಜನ ಅವರು.

ಪೇತ್ರನು ಅವರನ್ನು ಒಳಕ್ಕೆ ಕರೆದು ಉಪಚರಿಸಿದ; ಮರುದಿನ ಅವರೊಡನೆ ಹೊರಟು ಆ ಪರಜಾತಿಯವನ ಹೊಸ್ತಿಲು ದಾಟಿದ. ತನ್ನ ದರ್ಶನದ ಅರ್ಥವನ್ನು ಅಲ್ಲಿ ತಾನೇ ಬಿಡಿಸಿ ಹೇಳಿದ: ಯಾವ ಮನುಷ್ಯನನ್ನೂ ಹೊಲೆಯೆಂದು ಎಣಿಸಬಾರದೆಂದು ದೇವರು ತನಗೆ ತೋರಿಸಿದ್ದಾನೆ ಎಂದು. ಪ್ರಾಣಿಯ ಮಾತಲ್ಲ, ಮನುಷ್ಯನ ಮಾತು. ಯೆರೂಸಲೇಮಿಗೆ ಹಿಂದಿರುಗಿದಾಗ ಅಲ್ಲಿಯ ಸಂಪ್ರದಾಯಸ್ಥರು ಹಾಕಿದ ಆಪಾದನೆಯನ್ನೂ ಗಮನಿಸಿ. ನೀನು ಏನು ತಿಂದೆ ಎಂದು ಯಾರೂ ಕೇಳಲಿಲ್ಲ. ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಸಂಗಡ ಕೂತು ಉಂಡೆಯಲ್ಲ ಎಂದರು. ಪಂಕ್ತಿಭೇದದ ದೇಶದಲ್ಲಿ ಹುಟ್ಟಿದ ನಮಗೆ ಈ ಮಾತಿನ ಮೊನೆ ಬೇಗ ತಾಕುತ್ತದೆ. ಎಲೆಯ ಮೇಲಿನ ಪದಾರ್ಥ ಒಂದು ಸಂಗತಿ. ಪಕ್ಕದ ಎಲೆಯವನು ಯಾರು ಎಂಬುದು ಇನ್ನೊಂದು.

ಆದರೂ ಹುಟ್ಟಿನಿಂದ ಬಂದ ಸಂಕೋಚ ಒಂದು ದರ್ಶನಕ್ಕೆ ಹೋಗುವಂಥದಲ್ಲ. ಅಂತಿಯೋಕ್ಯದಲ್ಲಿ (ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲಿಯೇ) ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಪೇತ್ರನೂ ಅವರೊಡನೆ ಕೂರುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯ ಕೆಲವರು ಬಂದದ್ದೇ ತಡ, ಮೆಲ್ಲನೆ ಹಿಂದೆ ಸರಿದು ಬೇರೆ ಕೂರಲು ತೊಡಗಿದ. ಅವನನ್ನು ನೋಡಿ ಉಳಿದ ಯೆಹೂದ್ಯರು ಎದ್ದರು. ಮೃದು ಮನಸ್ಸಿನ ಬಾರ್ನಬನೂ ಎದ್ದ. ಪೌಲನು ಸಿಟ್ಟಿಗೆದ್ದು ಎಲ್ಲರೆದುರಿಗೆ ಪೇತ್ರನನ್ನು ಮುಖಾಮುಖಿಯಾಗಿ ಖಂಡಿಸಿದುದಾಗಿ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳಿದ್ದಾನೆ. ಆ ಮದುವೆಯ ಚಪ್ಪರದಲ್ಲಿ ಸೋದರಮಾವ ಎದ್ದು ಹೋದಾಗ ನನಗೆ ನೆನಪಾದದ್ದು ಈ ಪ್ರಸಂಗವೇ.

ಈ ಜಗಳವೆಲ್ಲ ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನ ಸಭೆಯ ಮುಂದೆ ಬಂತು. ಇನ್ನು ವಕೀಲರು ಕೇಳಿದ ನಕಲಿನ ವಿಷಯ. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಆ ಸಭೆ ಹೊರಡಿಸಿದ ಪತ್ರವೇ ಇದೆ. ಅದರಲ್ಲಿ ಮೋಶೆಯ ಕಟ್ಟಳೆ ರದ್ದಾಯಿತೆಂದು ಒಂದು ಅಕ್ಷರವೂ ಇಲ್ಲ. ಅನ್ಯಜನರಿಂದ ಬಂದ ಕ್ರೈಸ್ತರ ಮೇಲೆ ಆ ಭಾರವನ್ನು ಹೊರಿಸುವುದಿಲ್ಲ ಎಂದಷ್ಟೇ ಇದೆ. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ, ಕಾನೂನು ವಜಾ ಆಗಲಿಲ್ಲ. ಈ ಕಕ್ಷಿಗಾರರಿಗೆ ಅದು ಅನ್ವಯಿಸುವುದಿಲ್ಲವೆಂದು ತೀರ್ಪಾಯಿತು. ಯೆಹೂದ್ಯರು ತಮ್ಮ ಕಟ್ಟಳೆಯನ್ನು ಪಾಲಿಸುತ್ತ ಬಂದಿದ್ದಾರೆ, ಪಾಲಿಸಲಿ. ಅವರನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ತೀರ್ಪಿಗೆ ನಾಲ್ಕು ಷರತ್ತುಗಳು ಅಂಟಿಕೊಂಡಿವೆ. ವಿಗ್ರಹಕ್ಕೆ ನೈವೇದ್ಯ ಮಾಡಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಇವುಗಳಿಂದ ದೂರವಿರಬೇಕು. ಹಂದಿಯ ಹೆಸರಿಲ್ಲ. ವಕೀಲರು ಹಂದಿಯನ್ನು ಬಿಟ್ಟು ರಕ್ತವನ್ನು ಹಿಡಿದಿದ್ದರೆ ನಾನು ಇನ್ನೂ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದೆ! ಕೊಂಕಣಿ ಕ್ರೈಸ್ತರ ಸೊರ್ಪೊತೆಲ್ ಎಂಬ ಅಡಿಗೆಗೆ ಹಳೆಯ ಕ್ರಮದಲ್ಲಿ ಹಂದಿಯ ರಕ್ತವನ್ನೂ ಬೆರೆಸುವುದುಂಟು. ಇದಕ್ಕೆ ಏನು ಸಮಾಧಾನ? ರಕ್ತದ ನಿಷೇಧ ಮೋಶೆಗಿಂತ ಹಳೆಯದು. ಆದಿಕಾಂಡದಲ್ಲಿ ನೋಹನಿಗೆ, ಎಂದರೆ ಸಕಲ ಮನುಷ್ಯಕುಲಕ್ಕೆ, ಹೇಳಿದ್ದು. ಮೊದಲ ಕ್ರೈಸ್ತರು ಅದನ್ನು ನಿಷ್ಠೆಯಿಂದ ನಡೆಸಿದರು. ಕ್ರಿ.ಶ. 177ರಲ್ಲಿ ಲಿಯೋನ್ಸ್ ನಗರದಲ್ಲಿ ಕ್ರೈಸ್ತರನ್ನು ಹಿಡಿದು, ಇವರು ಮಕ್ಕಳನ್ನು ತಿನ್ನುವವರೆಂದು ಸುಳ್ಳು ಹೊರಿಸಿ ಹಿಂಸಿಸಿದಾಗ, ಬಿಬ್ಲಿಸ್ ಎಂಬ ಹೆಂಗಸು, ಪಶುಗಳ ರಕ್ತವನ್ನೇ ಮುಟ್ಟದ ನಾವು ಮಕ್ಕಳನ್ನು ತಿನ್ನುವುದುಂಟೆ ಎಂದು ಕೇಳಿದಳಂತೆ. ಪೂರ್ವದೇಶದ ಸಭೆಗಳು 692ರಲ್ಲಿ ರಕ್ತದ ಅಡಿಗೆಯನ್ನು ಮತ್ತೆ ಶಾಸನಮಾಡಿ ನಿಷೇಧಿಸಿದವು. ಪಶ್ಚಿಮದಲ್ಲಿ ಮಾತ್ರ ಇದು ಮೆಲ್ಲನೆ ಸಡಿಲವಾಯಿತು. 400ರ ಸುಮಾರಿಗೆ ಬರೆದ ಸಂತ ಅಗಸ್ಟೀನನ ಊರಿನ ಕಡೆ, ರಕ್ತ ಹರಿಸದೆ ಕೊಂದ ಮೊಲವನ್ನು ತಿನ್ನಲು ಅಂಜುವವರನ್ನು ಕಂಡು ಉಳಿದವರು ನಗುತ್ತಿದ್ದರಂತೆ. ಆತ ಕೊಡುವ ಕಾರಣ ಮನಸ್ಸಿಗೆ ಹಿಡಿಯುತ್ತದೆ: ಯೆಹೂದ್ಯರೂ ಅನ್ಯರೂ ಒಂದಾಗಿ ಬಾಳಬೇಕಾಗಿದ್ದ ಕಾಲಕ್ಕೆ, ಇಬ್ಬರೂ ಸುಲಭವಾಗಿ ನಡೆಸಬಹುದಾದ ಒಂದು ನಿಯಮ ಅದು, ಸಭೆಯಲ್ಲಿ ಯೆಹೂದ್ಯರೇ ಇಲ್ಲವಾದಮೇಲೆ ಅದರ ಕೆಲಸ ಮುಗಿಯಿತು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯೂ ಬಹುಮಟ್ಟಿಗೆ ಹೀಗೆಯೇ ತೀರ್ಮಾನಿಸಿತು. ನನ್ನ ಅಭಿಪ್ರಾಯವೂ ಇದೇ. ಆದರೆ ಹಂದಿಯ ವಿಷಯದಲ್ಲಿ ಇರುವಷ್ಟು ಧೈರ್ಯ ರಕ್ತದ ವಿಷಯದಲ್ಲಿ ನನಗಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಕಟ್ಟಳೆಯನ್ನು ಇಂದಿಗೂ ಹಿಡಿದಿರುವ ಕ್ರೈಸ್ತರೂ ಇದ್ದಾರೆ ಎಂದೆನಲ್ಲವೆ? ಇಥಿಯೋಪಿಯದ ಪುರಾತನ ಸಭೆಯವರು ಹಂದಿಯನ್ನು ಮುಟ್ಟುವುದಿಲ್ಲ. ಪೋರ್ಚುಗೀಸರ ಕಡೆಯ ಪಾದ್ರಿಗಳು ನೀವು ಯೆಹೂದ್ಯರಾಗಿದ್ದೀರಿ ಎಂದು ಆಕ್ಷೇಪಿಸಿದಾಗ ಅಲ್ಲಿಯ ಅರಸ ಗಲಾವ್ದೇವೋಸ್ 1555ರಲ್ಲಿ ಕೊಟ್ಟ ಉತ್ತರ ಸೊಗಸಾಗಿದೆ. ಇದು ಕಟ್ಟಳೆಯ ಭಯದಿಂದಲ್ಲ, ನಮ್ಮಲ್ಲಿ ತಿನ್ನುವವನಿಗೆ ಅಡ್ಡಿಯಿಲ್ಲ, ತಿನ್ನದವನಿಗೆ ಬಲವಂತವಿಲ್ಲ ಎಂದು ಆತ ಬರೆದ. ಇನ್ನು ಸೆವೆಂತ್ ಡೇ ಅಡ್ವೆಂಟಿಸ್ಟರು. ಅಮೆರಿಕದಲ್ಲಿ 1863ರಲ್ಲಿ ಸಂಘಟಿತವಾದ ಈ ಸಭೆಗೆ ಈಗ ಲೋಕದಲ್ಲೆಲ್ಲ 2 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ; ನಮ್ಮ ನಾಡಿನಲ್ಲಿಯೂ ಇದ್ದಾರೆ. ಶುದ್ಧಾಶುದ್ಧ ಪ್ರಾಣಿಗಳ ಭೇದ ಮೋಶೆಯಿಂದ ಬಂದದ್ದಲ್ಲ, ನೋಹನು ನಾವೆಗೆ ಪ್ರಾಣಿಗಳನ್ನು ಹತ್ತಿಸಿದಾಗಲೇ ಅದು ಇತ್ತು ಎಂಬುದು ಅವರ ವಾದ. ಅದು ಗ್ರಂಥದಲ್ಲಿ ಇರುವ ಮಾತೇ, ತಳ್ಳಿಹಾಕುವಂಥ ವಾದವಲ್ಲ. ಆದರೆ ಪ್ರಳಯದ ನಂತರ ಅದೇ ನೋಹನಿಗೆ ಚಲಿಸುವ ಜೀವಿಗಳೆಲ್ಲ ಆಹಾರವಾಗಿರಲೆಂದು ಅಪ್ಪಣೆಯಾಯಿತು ಎಂಬುದೂ ಅಲ್ಲಿಯೇ ಇದೆ. (ಇವರ ಆರೋಗ್ಯಾಲಯವೊಂದರ ವೈದ್ಯ ಕೆಲಾಗ್ ಮತ್ತು ಅವನ ತಮ್ಮ ಸೇರಿ ಮಾಡಿದ ಜೋಳದ ಅವಲಕ್ಕಿ ಈಗ ನಿಮ್ಮ ಮನೆಯ ಮಕ್ಕಳ ಬೆಳಗಿನ ಬಟ್ಟಲಿನಲ್ಲಿರಬಹುದು!)

ನನಗೆ ಎಲ್ಲರಿಗಿಂತ ಹತ್ತಿರದವನಾಗಿ ಕಾಣುವವನು ಕೊರಿಂಥದವರಿಗೆ ಪತ್ರ ಬರೆದ ಪೌಲ. ಕೊರಿಂಥದ ಆಸ್ಕ್ಲೀಪಿಯಸ್ ದೇವಾಲಯವನ್ನು ಅಗೆದು ತೆಗೆದಾಗ ಅಲ್ಲಿ ಮೂರು ಊಟದ ಕೋಣೆಗಳೂ ಒಂದೊಂದರಲ್ಲಿ ಹನ್ನೊಂದು ಮಂಚಗಳಿಗೆ ಸ್ಥಳವೂ ಕಂಡುಬಂದವು. ಸೆರಾಪಿಸ್ ದೇವರ ಪಂಕ್ತಿಗೆ ಊಟಕ್ಕೆ ಬನ್ನಿರೆಂದು ಕರೆಯುವ, ದಿನ ವೇಳೆಗಳನ್ನು ನಮೂದಿಸಿದ ಆಹ್ವಾನಪತ್ರಿಕೆಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ಬಂಧುಗಳ ಔತಣ, ಗೆಳೆಯರ ಔತಣ ಎಲ್ಲ ದೇವರ ಹೆಸರಿನಲ್ಲಿ. ಪೇಟೆಗೆ ಬರುವ ಮಾಂಸದಲ್ಲಿಯೂ ಬಲಿಯ ಮಾಂಸ ಸೇರಿರುತ್ತಿತ್ತು. ಕ್ರೈಸ್ತನಾದವನು ಏನು ಮಾಡಬೇಕು? ದೇವಾಲಯದ ಪಂಕ್ತಿಗೆ ಹೋಗಬೇಡ ಎಂದ ಪೌಲ. ಪೇಟೆಯಲ್ಲಿ ಮಾರುವುದನ್ನು ಕೊಂಡುಕೋ, ವಿಚಾರಣೆ ನಡೆಸಬೇಡ. ಅನ್ಯಮತದವನು ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ತಿನ್ನು. ಆದರೆ ಒಬ್ಬನು ಇದು ನೈವೇದ್ಯ ಮಾಡಿದ್ದು ಎಂದು ಬಾಯಿಬಿಟ್ಟು ಹೇಳಿದರೆ, ಹೇಳಿದವನ ಮನಸ್ಸಿನ ಸಲುವಾಗಿ ಕೈ ಹಿಂದಕ್ಕೆ ತೆಗೆದುಕೋ. ನನ್ನ ಊಟದಿಂದ ತಮ್ಮನೊಬ್ಬ ಎಡವುವುದಾದರೆ ನಾನು ಎಂದಿಗೂ ಮಾಂಸವನ್ನೇ ತಿನ್ನೆನೆಂದೂ ಹೇಳಿದ. ಪೇತ್ರನನ್ನು ಎಲ್ಲರೆದುರಿಗೆ ಗದರಿಸಿದ ಪೌಲ ಈತನೇ. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಬಾರದು ಎಂದು ರೋಮಾಪುರದವರಿಗೂ ಬರೆದ. ಆ ಮದುವೆಯ ಮನೆಯಲ್ಲಿ ಹೆಣ್ಣಿನ ತಂದೆ ಬೀಗರ ನಿಯಮವನ್ನು ಮೊದಲೇ ವಿಚಾರಿಸಿಕೊಂಡು ಆ ಒಂದು ದಿನ ಕೋಳಿ ಅಡಿಗೆಯನ್ನಷ್ಟೇ ಮಾಡಿಸಬಹುದಾಗಿತ್ತು. ಹುಡುಗನ ಮಾವ ಮುಂದೆ ಬಡಿಸಿದ್ದನ್ನು ಬದಿಗಿಟ್ಟು ಅನ್ನ ಸಾರು ಉಂಡು ಕೂತಿರಬಹುದಾಗಿತ್ತು. ಇಬ್ಬರಲ್ಲಿ ತಪ್ಪು ಯಾರದು ಹೆಚ್ಚು ಎಂದರೆ ನಾನು ಹೆಣ್ಣಿನ ತಂದೆಯ ಕಡೆಗೇ ಬೆರಳು ತೋರಿಸುತ್ತೇನೆ. ತಿನ್ನಬಹುದೆಂಬ ಸ್ವಾತಂತ್ರ್ಯ ಇದ್ದದ್ದು ಅವರಿಗೆ. ಬಿಟ್ಟುಕೊಡುವುದೂ ಅವರಿಗೇ ಸುಲಭವಾಗಿತ್ತು.

ಕೊರಿಂಥದ ಈ ಪೇಚು ನಮ್ಮ ಊರುಗಳ ಕ್ರೈಸ್ತರಿಗೆ ಪುಸ್ತಕದ ಸಂಗತಿಯಲ್ಲ. ಗೌರಿ ಗಣೇಶನ ಹಬ್ಬ ಬಂದರೆ ನೆರೆಮನೆಯಿಂದ ಕಡುಬು ಬರುತ್ತದೆ. ಕೆಲವರು ಸಂತೋಷದಿಂದ ತಿನ್ನುತ್ತಾರೆ. ಕೆಲವರು ಕೈಮುಗಿದು ಬೇಡವೆನ್ನುತ್ತಾರೆ. ಇನ್ನು ಕೆಲವರು ಇಸಿದುಕೊಂಡು ಕೆಲಸದವಳಿಗೆ ಕೊಟ್ಟುಬಿಡುತ್ತಾರೆ, ಇದು ಎಲ್ಲಕ್ಕಿಂತ ಕೀಳು. ನನ್ನ ತಾಯಿ ನೈವೇದ್ಯ ಮಾಡಿದ್ದನ್ನು ತಿನ್ನುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಆಕೆಗಿರಲಿಲ್ಲ. ಹೇಗೋ ವಕೀಲರ ತಾಯಿಯವರಿಗೆ ಇದು ತಿಳಿಯಿತು. ಅವರು ಮಡಿಯ ಹೆಂಗಸು; ದೇವರಿಗೆ ಇಡುವ ಮೊದಲು ಮೀಸಲು ಮುರಿಯುವಂತಿಲ್ಲ, ಇಟ್ಟಮೇಲೆ ನಮ್ಮ ಮನೆಗೆ ಸಲ್ಲುವಂತಿಲ್ಲ. ಪೂಜೆಯೆಲ್ಲ ಮುಗಿದಮೇಲೆ ಬೇರೆ ಹಿಟ್ಟು ಕಲಸಿ, ಬೇರೆ ಬಾಣಲೆಯಿಟ್ಟು, ನಮಗೆಂದೇ ಹತ್ತು ಕಡುಬು ಕರಿದು ತಂದರು. "ಇದು ಒಲೆಯಿಂದ ನೇರ ನಿಮ್ಮ ಮನೆಗೇ ಬಂತು ಕಣಮ್ಮಾ, ನಡುವೆ ಎಲ್ಲೂ ನಿಲ್ಲಲಿಲ್ಲ" ಎಂದರು. ಅವರು ಇರುವತನಕ ಪ್ರತಿ ವರ್ಷವೂ ಹೀಗೆಯೇ ನಡೆಯಿತು. ನನ್ನ ತಾಯಿಯೂ ಕ್ರಿಸ್‌ಮಸ್ಸಿಗೆ ಆ ಮನೆಗೆ ಕೊಡುವ ಗುಲಾಬಿ ಹೂವಿನ ತಿಂಡಿಯನ್ನು ಮೊಟ್ಟೆ ಹಾಕದೆ, ಅದಕ್ಕೆಂದೇ ಎತ್ತಿಟ್ಟ ಅಚ್ಚಿನಲ್ಲಿ, ಎಲ್ಲಕ್ಕಿಂತ ಮೊದಲು ಕರಿಯುತ್ತಿದ್ದಳು.

ಇಬ್ಬರು ಹೆಂಗಸರೂ ಈಗಿಲ್ಲ. ಅಚ್ಚು ನನ್ನ ಹೆಂಡತಿಯ ಹತ್ತಿರ ಇದೆ. ವಕೀಲರು ನನ್ನನ್ನು ಪಾಟೀಸವಾಲಿಗೆ ಎಳೆದ ಆ ದಿನವೂ ಮೊಟ್ಟೆಯಿಲ್ಲದ ಗುಲಾಬಿ ಹೂವಿನ ತಟ್ಟೆ ಅವರ ಜಗಲಿಯ ಮೇಲಿತ್ತು. ಅದರಲ್ಲೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಮೇಲೆಯೇ ಅವರು ಹಂದಿಯ ಮಾತು ಎತ್ತಿದ್ದು.